ಹುಲಗೂರು: ಪಡುಗಾಳಿಯ ಹಾದಿಯ ಊರು

ಹಾವೇರಿ ಜಿಲ್ಲೆಯ ಶಿಗ್ಗಾವಿ ತಾಲ್ಲೂಕಿನ ಹುಲಗೂರಿನಿಂದ ಅರಬ್ಬಿ ಸಮುದ್ರ ನೂರು ಕಿಲೋಮೀಟರಿಗೂ ಹೆಚ್ಚು ದೂರ. ಆದರೂ ಇಲ್ಲಿಯ ಬೇಸಾಯ ನಿಂತಿರುವುದು ಕಡಲ ಕಡೆಯಿಂದ ಬರುವ ಗಾಳಿಯನ್ನು ನಂಬಿ. ಜೂನ್ ಮೊದಲ ವಾರದ ಹೊತ್ತಿಗೆ ಕಾರವಾರ, ಅಂಕೋಲೆಯ ತೀರ ಮುಟ್ಟುವ ನೈಋತ್ಯ ಮಾರುತ ಸಹ್ಯಾದ್ರಿಯನ್ನು ಏರಿ, ಯಲ್ಲಾಪುರ, ಮುಂಡಗೋಡದ ಕಾಡು ದಾಟಿ ಶಿಗ್ಗಾವಿಯ ಬಯಲಿಗೆ ಬರುತ್ತದೆ. ಹೊತ್ತ ನೀರಿನ ಬಹುಪಾಲು ಘಟ್ಟದಲ್ಲೇ ಸುರಿದುಹೋಗಿರುತ್ತದೆ. ಕರಾವಳಿಯಲ್ಲಿ ವರ್ಷಕ್ಕೆ 3,000 ಮಿ.ಮೀ. ದಾಟುವ ಮಳೆ ಇಲ್ಲಿ ಕಾಲುಭಾಗದ ಆಸುಪಾಸಿಗೆ ಇಳಿಯುತ್ತದೆ. ಗಾಳಿಯ ಬಿರುಸು ಮಾತ್ರ ಉಳಿದಿರುತ್ತದೆ.

ಊರು ಹಳೆಯದು. ಕಲ್ಯಾಣ ಚಾಲುಕ್ಯರ ಕಾಲದ ಶಾಸನ ಇಲ್ಲಿ ದೊರೆತಿದೆ. ಹಜರತ್ ಶಾ ಖಾದ್ರಿ ಅವರ ದರ್ಗಾ ಹುಲಗೂರಿನ ಹೆಸರನ್ನು ದೂರದವರೆಗೂ ಒಯ್ದಿದೆ. ಹತ್ತಿರದ ಶಿಶುವಿನಹಾಳದ ಸಂತ ಶರೀಫರು (1819–1889) ಹುಟ್ಟಿದ್ದು ಈ ಖಾದ್ರಿಯವರ ಕೃಪೆಯಿಂದ ಎಂಬ ನಂಬಿಕೆ ಸೀಮೆಯಲ್ಲೆಲ್ಲ ಇದೆ. 1997ರಲ್ಲಿ ಹಾವೇರಿ ಜಿಲ್ಲೆಯಾಗುವವರೆಗೆ ಹುಲಗೂರು ಧಾರವಾಡ ಜಿಲ್ಲೆಗೇ ಸೇರಿತ್ತು.

ಬೇಸಾಯಕ್ಕೆ ಮರಳಿದರೆ, ಆಷಾಢದಲ್ಲಿ ಗಾಳಿಯದೇ ಆಳ್ವಿಕೆ. ಎರಡು ಮಳೆಗಳ ನಡುವೆ ಬಿಡುವು ಉದ್ದವಾದರೆ ಬಿತ್ತಿದ ಹೊಲದ ಮೇಲ್ಮಣ್ಣನ್ನು ಬಿಸಿಲಿಗಿಂತ ಬೇಗ ಒಣಗಿಸುವುದು ಈ ಪಡುಗಾಳಿ. ಪುಷ್ಯ, ಆಶ್ಲೇಷ ಮಳೆಗಳು ಹಿಡಿದು ನೆಲ ನೆನೆದಾಗ ತೊಂದರೆ ಬೇರೆ ಬಗೆಯದು. ಆಳೆತ್ತರ ಬೆಳೆದ ಗೋವಿನಜೋಳ ಒಂದು ಬಿರುಗಾಳಿಗೆ ಸಾಲುಸಾಲಾಗಿ ನೆಲ ಹಿಡಿಯುತ್ತದೆ.

ಅಕ್ಟೋಬರಿನಲ್ಲಿ ಗಾಳಿ ದಿಕ್ಕು ಬದಲಿಸುತ್ತದೆ. ಇನ್ನು ಮೂಡಗಾಳಿಯ ಕಾಲ. ಎರೆಭೂಮಿಯಲ್ಲಿ ಬಿತ್ತಿದ ಹಿಂಗಾರಿ ಜೋಳ, ಕಡಲೆಗಳು ನೆಲದೊಳಗಿನ ಹಸಿಯನ್ನೇ ನೆಚ್ಚಿ ಬೆಳೆಯುತ್ತವೆ. ಒಣಗಾಳಿ ಜೋರಾದಷ್ಟೂ ಆ ಹಸಿ ಬೇಗ ಕರಗುತ್ತದೆ. ಬಂಗಾಳ ಕೊಲ್ಲಿಯಲ್ಲಿ ವಾಯುಭಾರ ಕುಸಿದರೆ ಅದೇ ಮೂಡಲಿನಿಂದ ಮೋಡ ಬರುತ್ತದೆ. ಆಗ ಜೋಳದವರಿಗೆ ಹಿಗ್ಗು, ಕಣದಲ್ಲಿ ಕೆಂಪು ಮೆಣಸಿನಕಾಯಿ ಹರವಿದವರಿಗೆ ಕಳವಳ. ಒಂದು ರಾತ್ರಿ ನೆನೆದರೆ ಕಾಯಿಯ ಬಣ್ಣ ಕೆಡುತ್ತದೆ. ಬ್ಯಾಡಗಿ ಪೇಟೆಯಲ್ಲಿ ಬೆಲೆ ಸಿಗುವುದೇ ಆ ಬಣ್ಣಕ್ಕೆ.

ಹಿಂದೆ ಸುಗ್ಗಿಯಲ್ಲಿ ಗಾಳಿಗಾಗಿ ಕಾಯುತ್ತಿದ್ದರು. ಕಣದಲ್ಲಿ ಎತ್ತು ತುಳಿಸಿದ ರಾಶಿಯನ್ನು ಎತ್ತರದಲ್ಲಿ ನಿಂತು ತೂರಬೇಕಿತ್ತು, ಗಾಳಿ ಬೀಸದಿದ್ದರೆ ಕೆಲಸ ನಿಲ್ಲುತ್ತಿತ್ತು. ಈಗ ಆ ಕೆಲಸವನ್ನು ರಾಶಿ ಮಷಿನ್ ಮಾಡುತ್ತದೆ. ಇಂದಿನ ರೈತ ಕಾಯುವುದು ಗಾಳಿ ನಿಲ್ಲಲಿ ಎಂದು. ಹತ್ತಿಗೆ, ಮೆಣಸಿನ ಗಿಡಕ್ಕೆ ಔಷಧ ಹೊಡೆಯುವಾಗ ಗಾಳಿ ಗಂಟೆಗೆ 15 ಕಿ.ಮೀ. ಮೀರಿದರೆ ಹನಿಗಳು ಪಕ್ಕದ ಹೊಲಕ್ಕೆ, ಹೊಡೆಯುವವನ ಮೈಮೇಲೆ ಹಾರುತ್ತವೆ. ಹಣವೂ ಪೋಲು, ಆರೋಗ್ಯವೂ ಹಾಳು. ಅದಕ್ಕೇ ನಸುಕಿನ ಶಾಂತ ಹೊತ್ತಿಗೆ ಇಷ್ಟು ಬೆಲೆ.

ಮುನ್ಸೂಚನೆಗೆ ದಾರಿಗಳಿವೆ. ಧಾರವಾಡದ ಕೃಷಿ ವಿಶ್ವವಿದ್ಯಾಲಯವು ಹವಾಮಾನ ಇಲಾಖೆಯ ಜೊತೆಗೂಡಿ ವಾರಕ್ಕೆ ಎರಡು ಸಲ, ಮಂಗಳವಾರ ಮತ್ತು ಶುಕ್ರವಾರ, ರೈತರಿಗೆ ಸಲಹೆ ಹೊರಡಿಸುತ್ತದೆ. ಮುಂದಿನ ಐದು ದಿನಗಳ ಮಳೆ, ಉಷ್ಣಾಂಶದೊಂದಿಗೆ ಗಾಳಿಯ ವೇಗ, ದಿಕ್ಕು ಅದರಲ್ಲಿರುತ್ತವೆ. ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ‘ವರುಣ ಮಿತ್ರ’ ಸಹಾಯವಾಣಿಗೆ ಕರೆ ಮಾಡಿ ತಮ್ಮ ಊರಿನ ಹವಾಮಾನವನ್ನು ಕೇಳಬಹುದು. ಇದೇ ಉಸ್ತುವಾರಿ ಕೇಂದ್ರದ ಹವಾಮಾನ ಅಳೆಯುವ ಯಂತ್ರಗಳು ಹೋಬಳಿ ಮಟ್ಟಕ್ಕೂ ಬಂದಿವೆ. ಇದು ದೊಡ್ಡ ಅನುಕೂಲ. ಹಾನಗಲ್ಲಿನ ಅರೆಮಲೆನಾಡು, ರಾಣೆಬೆನ್ನೂರಿನ ಬಯಲು ಎರಡೂ ಇರುವ ಜಿಲ್ಲೆಗೆ ಒಂದೇ ಅಂಕಿ ಹೊಂದುವುದಿಲ್ಲ.

ಆದರೂ ‘ಮಳೆ ಯಾವಾಗ’ ಎಂದು ಕೇಳುವವರೇ ಹೆಚ್ಚು, ಗಾಳಿಯನ್ನು ಕೇಳುವವರು ಕಡಿಮೆ. ಪಂಚಾಯಿತಿಯ ಫಲಕದಲ್ಲಿ, ಸಹಕಾರಿ ಸಂಘದಲ್ಲಿ, ಔಷಧ ಮಾರುವ ಅಂಗಡಿಯ ಬಾಗಿಲಲ್ಲಿ ವಾರಕ್ಕೆರಡು ಸಲ ಗಾಳಿಯ ವೇಗ, ದಿಕ್ಕನ್ನೂ ಬರೆದು ಹಾಕಿದರೆ, ಯಾವ ದಿನ ಔಷಧ ಹೊಡೆಯಬೇಕು, ಯಾವ ಸಂಜೆ ಮೆಣಸಿನಕಾಯಿಗೆ ತಾಡಪತ್ರಿ ಹೊದಿಸಬೇಕು ಎಂಬುದನ್ನು ಹುಲಗೂರಿನ ರೈತರು ಮೊದಲೇ ನಿರ್ಧರಿಸಬಹುದು.