ಎರೆ ಹೊಲದಿಂದ ಗೋಕರ್ಣದ ಉಸುಕಿಗೆ

ನಮ್ಮ ಅವ್ವನಿಗೆ ಐವತ್ತೆಂಟು ವರ್ಷ. ಕಳೆದ ಚಳಿಗಾಲದವರೆಗೆ ಆಕೆ ಸಮುದ್ರ ನೋಡಿರಲಿಲ್ಲ. ನಮ್ಮೂರು ಅಳವಂಡಿ, ಕೊಪ್ಪಳ ತಾಲ್ಲೂಕಿನ ಎರೆ ಸೀಮೆ. ಮಳೆ ಬಂದರೆ ಬೆಳೆ, ಇಲ್ಲದಿದ್ದರೆ ಆಕಾಶ ನೋಡುವ ಜನ ನಾವು. ನಾನು ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸಕ್ಕೆ ಸೇರಿದ ಮೇಲೆ ಗೆಳೆಯರ ಜೊತೆ ಮೂರು ಸಲ ಗೋಕರ್ಣಕ್ಕೆ ಹೋಗಿ ಬಂದೆ. ಪ್ರತಿ ಸಲ ಅವ್ವ ಫೋಟೋ ನೋಡಿ ಸುಮ್ಮನಾಗುತ್ತಿದ್ದಳು. ಒಮ್ಮೆ ಮಾತ್ರ, "ನನ್ನ ಮೊಣಕಾಲು ಪೂರಾ ಹೋಗೂದ್ರಾಗ ಒಮ್ಮೆ ತೋರ್ಸಪಾ" ಅಂದಳು. ಆ ಮಾತು ತಲೆಯಲ್ಲೇ ಉಳಿಯಿತು.

ಹೊರಡುವ ಮುಂಚೆ ದಾರಿಯ ಬಗ್ಗೆ ಒಂದಷ್ಟು ಓದಿಕೊಂಡೆ (ನನಗೆ ಈ ಚಟ ಇದೆ). ಆಗ ಗೊತ್ತಾಗಿದ್ದು, ಅಳವಂಡಿಯಿಂದ ಗೋಕರ್ಣಕ್ಕೆ ಹೋಗುವುದು ಒಂದು ಕಾಲದಲ್ಲಿ ಬೇರೆ ದೇಶಕ್ಕೆ ಹೋದ ಹಾಗೆಯೇ ಇತ್ತು ಅಂತ.

ನಮ್ಮೂರು ಹೈದರಾಬಾದ್ ನಿಜಾಮನ ಸಂಸ್ಥಾನದಲ್ಲಿತ್ತು. ಪಕ್ಕದ ಮುಂಡರಗಿ ಮುಂಬೈ ಪ್ರಾಂತದ ಧಾರವಾಡ ಜಿಲ್ಲೆಗೆ ಸೇರಿತ್ತು. ಗಡಿ ದಾಟುವ ಸರಕಿಗೆ ನಿಜಾಮನ ಕರೋಡಗಿರಿ ಖಾತೆಯವರು ಸುಂಕ ಕೇಳುತ್ತಿದ್ದರು. 1947-48ರಲ್ಲಿ ನಮ್ಮೂರಿನ ಶಿವಮೂರ್ತಿಸ್ವಾಮಿಗಳು ವಿಮೋಚನಾ ಹೋರಾಟದ ಶಿಬಿರ ನಡೆಸಿದ್ದು ಇದೇ ಮುಂಡರಗಿಯಲ್ಲಿ, ಯಾಕೆಂದರೆ ಅದು ಗಡಿಯ ಆಚೆ. 1948ರ ಸೆಪ್ಟೆಂಬರಿನಲ್ಲಿ ನಿಜಾಮನ ಆಳ್ವಿಕೆ ಮುಗಿಯಿತು. ಅಳವಂಡಿ, ಗೋಕರ್ಣ ಎರಡೂ ಒಂದೇ ರಾಜ್ಯಕ್ಕೆ ಬಂದಿದ್ದು 1956ರ ನವೆಂಬರ್ 1ಕ್ಕೆ.

ಹಾಗಂತ ಅದಕ್ಕೂ ಮೊದಲು ದಾರಿ ಇರಲಿಲ್ಲ ಅಂತಲ್ಲ. ರಸ್ತೆ, ರೈಲು ಬರುವ ಮುಂಚೆ ಲಂಬಾಣಿಗರು ಎತ್ತುಗಳ ಮೇಲೆ ಹೇರು ಹೊರಿಸಿಕೊಂಡು ಘಟ್ಟ ಇಳಿಯುತ್ತಿದ್ದರು. ಕೆಳಗೆ ಹೋಗುವಾಗ ಕಾಳುಕಡಿ, ಮೇಲೆ ಬರುವಾಗ ಉಪ್ಪು. ಗೋಕರ್ಣದ ಪಕ್ಕದ ಸಾಣಿಕಟ್ಟಾದಲ್ಲಿ ಈಗಲೂ ಉಪ್ಪಿನ ಆಗರಗಳಿವೆ. ಊಟದ ಉಪ್ಪು ಸಮುದ್ರದ್ದು, ಆದರೆ ಉಂಡವರಲ್ಲಿ ಸಮುದ್ರ ನೋಡಿದವರು ಎಷ್ಟು ಮಂದಿಯೋ!

ಆಮೇಲೆ ಬಂದಿದ್ದು ಹತ್ತಿ. 1861ರಲ್ಲಿ ಅಮೆರಿಕದಲ್ಲಿ ಅಂತರ್ಯುದ್ಧ ಶುರುವಾಗಿ ಇಂಗ್ಲೆಂಡಿನ ಗಿರಣಿಗಳಿಗೆ ಹತ್ತಿ ಇಲ್ಲದಾಯಿತು. ಧಾರವಾಡ ಸೀಮೆಯ ಹತ್ತಿಯನ್ನು ಕಾರವಾರ ಬಂದರಿನಿಂದ ಸಾಗಿಸಬೇಕು ಅಂತ ಮುಂಬೈ ವ್ಯಾಪಾರಿಗಳು ಹಟ ಹಿಡಿದರು. 1862ರಲ್ಲಿ ಉತ್ತರ ಕನ್ನಡವನ್ನು ಮದ್ರಾಸಿನಿಂದ ಕಿತ್ತು ಮುಂಬೈ ಪ್ರಾಂತಕ್ಕೆ ಸೇರಿಸಿದ್ದರ ಹಿಂದೆ ಈ ಲೆಕ್ಕಾಚಾರವೂ ಇತ್ತು. ಘಟ್ಟದಲ್ಲಿ ಬಂಡಿ ರಸ್ತೆಗಳಾದವು. 1880ರ ದಶಕದ ಕೊನೆಗೆ ರೈಲು ಗೋವಾದ ಮರ್ಮಗೋವಾ ಬಂದರಿಗೆ ಹೋದ ಮೇಲೆ ಕಾರವಾರದ ಕನಸು ಕುಂದಿತು. ಹುಬ್ಬಳ್ಳಿ-ಅಂಕೋಲಾ ರೈಲು ಇವತ್ತಿಗೂ ಆಗಿಲ್ಲ. ಯಲ್ಲಾಪುರ ದಾಟಿ ಅರಬೈಲ್ ಘಟ್ಟದಲ್ಲಿ ಬಸ್ಸೇ ಗತಿ.

ನಾವೂ ಹಾಗೇ ಹೋದೆವು. ಮುಂಡರಗಿ, ಗದಗ, ಹುಬ್ಬಳ್ಳಿ, ಅಂಕೋಲಾ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಕೆಂಪು ಬಸ್ಸಿನಲ್ಲಿ ಹೆಣ್ಣುಮಕ್ಕಳಿಗೆ ಟಿಕೆಟ್ ದುಡ್ಡಿಲ್ಲ. ದುಡ್ಡು ಕೊಟ್ಟವನು ನಾನೊಬ್ಬನೇ :) ಅವ್ವ ತನ್ನ ಶೂನ್ಯ ಟಿಕೆಟ್ಟುಗಳನ್ನೆಲ್ಲ ಜೋಪಾನವಾಗಿ ಚೀಲದಲ್ಲಿ ಇಟ್ಟುಕೊಂಡಳು. ಅಂಕೋಲಾ ದಾಟಿದ ಮೇಲೆ ಶಿರೂರು ಬರುತ್ತದೆ. 2024ರ ಜುಲೈ 16ರಂದು ಗುಡ್ಡ ಕುಸಿದು ಹೆದ್ದಾರಿ ಮುಚ್ಚಿ, ಜನ ಸತ್ತ, ಲಾರಿ ಗಂಗಾವಳಿ ನದಿಗೆ ಬಿದ್ದ ಜಾಗ. ಬಸ್ಸಿನಲ್ಲಿ ಯಾರೋ ಕೈ ಮಾಡಿ ತೋರಿಸಿದರು. ಅವ್ವ ಕೈ ಮುಗಿದಳು.

ಮಾದನಗೇರಿಯಲ್ಲಿ ಹೆದ್ದಾರಿ ಬಿಟ್ಟು ಬಲಕ್ಕೆ ತಿರುಗಿದರೆ ಗೋಕರ್ಣ. ಕೊಂಕಣ ರೈಲು 1998ರ ಜನವರಿ 26ರಂದು ಪೂರ್ತಿ ಶುರುವಾಯಿತಾದರೂ ಗೋಕರ್ಣ ರೋಡ್ ಸ್ಟೇಷನ್ ಇರುವುದು ಊರೊಳಗಲ್ಲ, ಈ ಹೆದ್ದಾರಿಯ ಕಡೆಗೆ. ಇಳಿದು ಮತ್ತೆ ಆಟೋ ಹಿಡಿಯಬೇಕು.

ಮೊದಲ ದಿನ ನಾನು ಒಂದು ತಪ್ಪು ಮಾಡಿದೆ. ಗೆಳೆಯರ ಜೊತೆ ಹೋದ ಅಭ್ಯಾಸದಲ್ಲಿ ಅವ್ವನನ್ನೂ ಆಟೋದಲ್ಲಿ ಓಂ ಬೀಚಿಗೆ ಕರೆದುಕೊಂಡು ಹೋದೆ. ರಸ್ತೆ ಗುಡ್ಡದ ಮೇಲೇ ಮುಗಿಯುತ್ತದೆ, ಅಲ್ಲಿಂದ ಕೆಳಕ್ಕೆ ಮೆಟ್ಟಿಲು. ಅವ್ವ ನಾಲ್ಕು ಮೆಟ್ಟಿಲು ಇಳಿದು ಕುಳಿತುಬಿಟ್ಟಳು. "ಇಷ್ಟ ದೂರ ಬಂದು ಮ್ಯಾಲಿಂದ ನೋಡಿ ಹೋಗೂದೇನೋ?" ಅಂದಾಗ ನನ್ನ ಹತ್ತಿರ ಉತ್ತರ ಇರಲಿಲ್ಲ. ಕುಡ್ಲೆಗೂ ಇಳಿಯಲೇಬೇಕು. ಹಾಫ್ ಮೂನ್, ಪ್ಯಾರಡೈಸ್ ಅಂತೂ ಕಾಲುದಾರಿ ಅಥವಾ ದೋಣಿ. ಗೋವಾದಿಂದ ಬಂದ ವಿದೇಶಿ ಹುಡುಗ ಹುಡುಗಿಯರು ಬೆನ್ನಿಗೆ ಚೀಲ ಹಾಕಿಕೊಂಡು ಹುಡುಕಿಕೊಂಡ ಜಾಗಗಳು ಇವು. ಗಟ್ಟಿ ಕಾಲಿದ್ದವರ ಗೋಕರ್ಣ.

ರಾತ್ರಿ ರೂಮಿನಲ್ಲಿ ಯೋಚಿಸಿದಾಗ ಹೊಳೆಯಿತು. ಈ ಊರಿಗೆ ಜನ ಬರುತ್ತಿರುವುದು ಬೀಚಿಗಾಗಿ ಅಲ್ಲವಲ್ಲ! ಕಾಳಿದಾಸನ ರಘುವಂಶದಲ್ಲಿ ಗೋಕರ್ಣದ ಹೆಸರಿದೆ. ತಮಿಳಿನ ತೇವಾರಂನಲ್ಲೂ ಇದೆ. 1676ರ ಸುಮಾರಿಗೆ ಕಾರವಾರದಲ್ಲಿದ್ದ ಇಂಗ್ಲಿಷ್ ವೈದ್ಯ ಜಾನ್ ಫ್ರೈಯರ್ ಇಲ್ಲಿಗೆ ಬಂದು ಹೋಗಿ ಬರೆದಿಟ್ಟಿದ್ದಾನೆ. ಯಾತ್ರೆಗೆ ಬರುವವರಲ್ಲಿ ಮುದುಕರು, ಮಕ್ಕಳು, ಕಾಲು ಸೋತವರು ಎಲ್ಲರೂ ಇರುತ್ತಾರೆ. ಅಂಥವರಿಗಾಗಿ ಬೆಳೆದ ಊರಿನ ದಾರಿ ಹೇಗಿರಬೇಕು?

ಮರುದಿನ ಬೆಳಿಗ್ಗೆ ಅದೇ ದಾರಿ ಹಿಡಿದೆವು. ಕೋಟಿತೀರ್ಥದ ಮೆಟ್ಟಿಲ ಮೇಲೆ ಸ್ವಲ್ಪ ಹೊತ್ತು ಕೂತು, ರಥಬೀದಿಗೆ ಬಂದು, ಮಹಾಬಲೇಶ್ವರನ ದರ್ಶನ ಮಾಡಿದೆವು (ಗಂಡಸರು ಅಂಗಿ ತೆಗೆದು ಪಂಚೆ ಉಡಬೇಕು, ಮರೆಯಬೇಡಿ). ಗುಡಿಯಿಂದ ಮುಂದೆ ಸ್ವಲ್ಪ ನಡೆದರೆ ಮುಖ್ಯ ಕಡಲತೀರ, ಗುಡ್ಡ ಇಳಿಯುವ ಪ್ರಮೇಯವೇ ಇಲ್ಲ. ದಾರಿಯುದ್ದಕ್ಕೂ ಅಂಗಡಿ ಕಟ್ಟೆಗಳು. ಅವ್ವ ಮೂರು ಕಡೆ ಕೂತು, ಮೂರು ಕಡೆ ಮಾತಾಡಿ, ಯಾರ ಕೈಯೂ ಹಿಡಿಯದೆ ಸಮುದ್ರಕ್ಕೆ ಬಂದಳು.

ತೆರೆ ಪಾದಕ್ಕೆ ಬಂದಾಗ ಬಗ್ಗಿ ಒಂದು ಬೊಗಸೆ ನೀರು ತೆಗೆದುಕೊಂಡು ನಾಲಿಗೆಗೆ ಹಚ್ಚಿಕೊಂಡಳು. "ಖರೇನ ಉಪ್ಪೈತಿ ನೋಡು" ಅಂದಳು. ಆಮೇಲೆ ಬಹಳ ಹೊತ್ತು ಏನೂ ಮಾತಾಡಲಿಲ್ಲ.

ನೀವೂ ಮನೆಯ ಹಿರಿಯರನ್ನು ಕರೆದುಕೊಂಡು ಹೋಗುವುದಾದರೆ ರೂಮು ರಥಬೀದಿಯ ಹತ್ತಿರವೇ ಹಿಡಿಯಿರಿ. ಓಂ ಬೀಚಿಗೆ ನೀವು ಸಂಜೆ ಒಬ್ಬರೇ ಹೋಗಿ ಬರಬಹುದು.