ಹಳ್ಳಿಯ ಶಾಲೆಯೂ ಮಕ್ಕಳ ಶಿಸ್ತೂ

ಮಧುಗಿರಿ, ಸಿರಾ, ಕೊರಟಗೆರೆ, ಪಾವಗಡ ಎಂಬ ನಾಲ್ಕು ತಾಲ್ಲೂಕುಗಳು ಸೇರಿ ಮಧುಗಿರಿ ಶೈಕ್ಷಣಿಕ ಜಿಲ್ಲೆಯಾಗಿರುವುದಷ್ಟೆ. ಬಹುಮಟ್ಟಿಗೆ ಮಳೆಯನ್ನೇ ನಂಬಿದ ಸೀಮೆಯಿದು. ಕಡಲೆಕಾಯಿ ಕೀಳುವ ಕಾಲದಲ್ಲಿ ಮನೆಮಂದಿಯ ಕೈಯೆಲ್ಲವೂ ಹೊಲಕ್ಕೆ ಬೇಕು. ಕೊರಟಗೆರೆ ತಾಲ್ಲೂಕಿನ ಗೊರವನಹಳ್ಳಿಯಲ್ಲಿ ಇದರೊಡನೆ ಮಹಾಲಕ್ಷ್ಮಿಯ ಸನ್ನಿಧಿಗೆ ಬರುವ ಭಕ್ತರ ಸಂದಣಿಯೂ ಉಂಟು. ಇಂತಹ ಸೀಮೆಯ ಪ್ರೌಢಶಾಲೆಗಳ ವಿಷಯದಲ್ಲಿ, ಬೆತ್ತ ಹೋದುದರಿಂದಲೇ ಶಿಸ್ತು ಹೋಯಿತೆಂದು ಹೇಳುವವರಿದ್ದಾರೆ. ಚರಿತ್ರೆಯು ಈ ಮಾತನ್ನು ಒಪ್ಪುವುದೇ ಎಂಬುದನ್ನು ವಿಚಾರಿಸತಕ್ಕದ್ದಾಗಿದೆ.

ಈ ತಾಲ್ಲೂಕುಗಳಿಗೆ ತಾಗಿದಂತಿರುವ ಮಡಕಶಿರಾ ಪ್ರಾಂತವು ಆಗ ಬಳ್ಳಾರಿ ಜಿಲ್ಲೆಗೆ ಸೇರಿತ್ತು. ಆ ಜಿಲ್ಲೆಯ ಕಲೆಕ್ಟರಾಗಿದ್ದ ಕ್ಯಾಂಬೆಲ್ ಸಾಹೇಬರು 1823ರಲ್ಲಿ ಅಲ್ಲಿಯ ಮಠಗಳ ವಿಷಯವಾಗಿ ಒಂದು ವರದಿಯನ್ನು ಬರೆದರು. ಸುಮಾರು ಒಂಬತ್ತೂಕಾಲು ಲಕ್ಷ ಜನರಿಗೆ 533 ಶಾಲೆಗಳು, ಅವುಗಳಲ್ಲಿ 6,641 ವಿದ್ಯಾರ್ಥಿಗಳು. ಕನ್ನಡ ಕಲಿಸುವ ಶಾಲೆಗಳೇ 235. ಹಿರಿಯ ಹುಡುಗರು ಕಿರಿಯರಿಗೆ ಪಾಠ ಹೇಳುವ ಅಲ್ಲಿಯ ಪದ್ಧತಿಯನ್ನು ಅವರು ಮನಸಾರ ಮೆಚ್ಚಿದ್ದಾರೆ.

ಶಿಕ್ಷೆಯ ಕ್ರಮವನ್ನೂ ಅವರು ಬಿಡದೆ ಬರೆದಿದ್ದಾರೆ. ಬೆಳಗ್ಗೆ ಮೊದಲು ಬಂದವನ ಅಂಗೈಯಲ್ಲಿ ಸರಸ್ವತಿಯ ಹೆಸರು, ಎರಡನೆಯವನಿಗೆ ಒಂದು ಸೊನ್ನೆ, ಮೂರನೆಯವನಿಗೆ ಮೆಲ್ಲನೆ ಒಂದು ಏಟು, ನಾಲ್ಕನೆಯವನಿಗೆ ಎರಡು, ಹೀಗೆ ತಡವಾದಂತೆಲ್ಲ ಒಂದೊಂದು ಹೆಚ್ಚು. ಸೋಮಾರಿಗೆ ಬಸ್ಕಿಯೂ, ಎರಡು ಕೈಗಳನ್ನೂ ಕಟ್ಟಿ ಸೂರಿಗೆ ತೂಗುಹಾಕುವ ಕೋದಂಡವೂ ಇದ್ದುವು. ಇಲ್ಲಿ ವಾಚಕರು ಒಂದು ಅಂಶವನ್ನು ಗಮನಿಸಬೇಕು. ದನಕ್ಕೆ ಹುಲ್ಲು ಹಾಕಿ, ನೀರು ಹೊತ್ತು ಬರಬೇಕಾದ ಹುಡುಗನು ಮೊದಲು ಬರುವುದೆಂತು? ಮನೆಯ ಕೆಲಸ ಹೆಚ್ಚಿದಷ್ಟೂ ಅವನಿಗೆ ಬೀಳುವ ಏಟೂ ಹೆಚ್ಚುತ್ತಿದ್ದಿರಬೇಕು.

ಇಷ್ಟು ಕಠಿಣವಾದ ಶಿಕ್ಷೆಯಿದ್ದರೂ ಮಠಗಳು ಉಳಿಯಲಿಲ್ಲ. ಹಿಂದೆ ಶಾಲೆಗಳಿದ್ದ ಹಲವು ಊರುಗಳಲ್ಲಿ ಈಗ ಒಂದೂ ಇಲ್ಲವೆಂದು ಅದೇ ವರದಿಯು ಹೇಳುತ್ತದೆ. ಕಾರಣವೂ ಅಲ್ಲಿಯೇ ಇದೆ: ಸೀಮೆಯಬಟ್ಟೆ ಬಂದು ನೇಕಾರರ ಬಾಳು ಕುಗ್ಗಿತು, ಬಡತನ ಬೆಳೆಯಿತು, ಎಳೆಯ ಕೈಕಾಲು ಅಲ್ಪಸ್ವಲ್ಪ ದುಡಿಯಬಲ್ಲವಾದೊಡನೆಯೇ ಮಕ್ಕಳ ದುಡಿಮೆ ತಂದೆತಾಯಿಗಳಿಗೆ ಬೇಕಾಯಿತು. ಶಾಲೆಯನ್ನು ಬರಿದುಮಾಡಿದುದು ಮನೆಯ ಕಷ್ಟ. ಬೆತ್ತವು ಅದನ್ನು ತಡೆಯಲಾರದೆ ಹೋಯಿತು.

ಆದರೂ ಕೂಲಿಮಠಕ್ಕೆ ಒಂದು ಬಲವಿತ್ತು. ಅಯ್ಯನವರ ಜೀವನವು ಊರಿನವರ ಕೈಯಲ್ಲಿತ್ತು. ಮಹಾನವಮಿಯಲ್ಲಿ ಹುಡುಗರು ಕೋಲು ಹಿಡಿದು ಚೌಪದ ಹಾಡುತ್ತ ಮನೆಮನೆಗೂ ಹೋಗುವರು; ಮನೆಯವರು ಅಯ್ಯನವರಿಗೆ ಸಂಭಾವನೆ ಕೊಡುವರು. ಹೀಗೆ ಗುರುವಿಗೂ ಮನೆಗೂ ಬಳಕೆಯಿತ್ತು. ಮೈಸೂರು ಸಂಸ್ಥಾನದಲ್ಲಿ 1868ರಲ್ಲಿ ರೈಸ್ ಸಾಹೇಬರ ಹೋಬಳಿ ಶಾಲೆಗಳ ಯೋಜನೆಯೂ, 1913ರಲ್ಲಿ ಪ್ರಾಥಮಿಕ ವಿದ್ಯಾಭ್ಯಾಸದ ಕಾಯಿದೆಯೂ ಬಂದುವು. ವಿದ್ಯೆಯು ಹೆಚ್ಚು ಜನರಿಗೆ ದೊರಕಿತು, ಇದು ಮಹೋಪಕಾರ. ಆದರೆ ಉಪಾಧ್ಯಾಯರು ಸರ್ಕಾರದ ನೌಕರರಾಗಿ, ವರ್ಗವಾಗಿ ಬರುವವರೂ ಹೋಗುವವರೂ ಆದಮೇಲೆ, ಆ ಹಳೆಯ ಬಳಕೆಯು ಸಡಿಲವಾಯಿತು.

2010ನೆಯ ಏಪ್ರಿಲ್ 1ರಿಂದ ಜಾರಿಗೆ ಬಂದ ಶಿಕ್ಷಣದ ಹಕ್ಕಿನ ಕಾಯಿದೆಯು ಆರರಿಂದ ಹದಿನಾಲ್ಕು ವರ್ಷದ ಮಕ್ಕಳಿಗೆ ಸಂಬಂಧಪಟ್ಟುದು. ಶಾಲೆಯಲ್ಲಿ ಮಕ್ಕಳ ದೇಹದಂಡನೆಯನ್ನೂ ಮಾನಸಿಕ ಹಿಂಸೆಯನ್ನೂ ಅದು ನಿಷೇಧಿಸಿತು. ಇದು ನ್ಯಾಯವೇ ಸರಿ. ಕೋದಂಡವನ್ನು ಮರಳಿ ಬಯಸುವವರು ಕ್ಯಾಂಬೆಲ್ಲರ ವರದಿಯನ್ನು ಓದಿಕೊಳ್ಳಲಿ. ನಾವು ಮರಳಿ ಪಡೆಯಬೇಕಾದುದು ಗುರುವಿಗೂ ಮನೆಗೂ ಇದ್ದ ಬಳಕೆಯನ್ನು. ಕಡಲೆಕಾಯಿಯ ಕಾಲದಲ್ಲಿ ಮೂರು ದಿನ ಬಾರದ ಹುಡುಗನನ್ನು ಉಡಾಳನೆಂದು ಬರೆದಿಡುವ ಮೊದಲು ಉಪಾಧ್ಯಾಯರು ಅವನ ಮನೆಯ ಬಾಗಿಲಿಗೆ ಹೋಗಿ ವಿಚಾರಿಸಲಿ. ಓದುಬರಹ ಬಲ್ಲ ನೆರೆಹೊರೆಯವರು ಜೊತೆಗೆ ಹೋಗಲಿ. ತಪ್ಪಿಹೋದ ಪಾಠವನ್ನು, ಹಿಂದಿನ ಮಠದಲ್ಲಿದ್ದಂತೆ, ಮೇಲಿನ ತರಗತಿಯ ಹುಡುಗನೊಬ್ಬನು ಸಂಜೆ ಹೇಳಿಕೊಡಬಹುದು. ಇದಕ್ಕೆ ಸರ್ಕಾರದ ಅಪ್ಪಣೆ ಬೇಕಿಲ್ಲ.