ತೆಳು ತಗಡಿನ ಬೆಸುಗೆ: ಕಾರಿನ ಮೈ ಸೊಟ್ಟಗಾಗದಿರಲು

ತುಕ್ಕು ತಿಂದ ಬಾಗಿಲಿನ ಕೆಳಭಾಗವನ್ನು ಕತ್ತರಿಸಿ ಹೊಸ ತಗಡನ್ನು ಬೆಸೆಯುವುದು ಟಿಂಕರಿಂಗ್ ಅಂಗಡಿಗಳಲ್ಲಿ ನಿತ್ಯದ ಕೆಲಸ. ಆದರೆ ಬೆಸುಗೆ ಆರಿದ ಮೇಲೆ ಸಮತಟ್ಟಾಗಿದ್ದ ಬಾಗಿಲು ಅಲೆಅಲೆಯಾಗಿ ಕಾಣುವುದುಂಟು. ಈ ದೋಷವನ್ನು ಪುಟ್ಟಿ ಬಳಿದು ಮುಚ್ಚುವುದಕ್ಕಿಂತ ಬಾರದಂತೆ ತಡೆಯುವುದೇ ಲೇಸು.

ಕಾರಣವೇನು?

ಕಾರಿನ ಹೊರಮೈಯ ಉಕ್ಕಿನ ತಗಡು ಸಾಮಾನ್ಯವಾಗಿ 0.7ರಿಂದ 1 ಮಿ.ಮೀ. ದಪ್ಪವಿರುತ್ತದೆ. ಒಂದು ಮೀಟರ್ ಉದ್ದದ ಉಕ್ಕನ್ನು 100 ಡಿಗ್ರಿ ಸೆಲ್ಸಿಯಸ್‌ನಷ್ಟು ಹೆಚ್ಚು ಕಾಯಿಸಿದರೆ ಅದು ಸುಮಾರು 1.2 ಮಿ.ಮೀ. ಹಿಗ್ಗುತ್ತದೆ. ಬೆಸುಗೆಯ ಸ್ಥಳದಲ್ಲಂತೂ ಉಕ್ಕು ಕರಗಬೇಕಾದುದರಿಂದ ಶಾಖ 1,500 ಡಿಗ್ರಿಯ ಆಸುಪಾಸಿಗೆ ಏರುತ್ತದೆ. ಕಾದು ಮೆತ್ತಗಾದ ಭಾಗಕ್ಕೆ ಹಿಗ್ಗಲು ಸುತ್ತಲಿನ ತಣ್ಣನೆಯ ತಗಡು ಎಡೆಗೊಡುವುದಿಲ್ಲ. ಹಾಗಾಗಿ ಅದು ಇದ್ದಲ್ಲಿಯೇ ಒತ್ತಿಕೊಂಡು ದಪ್ಪವಾಗುತ್ತದೆ. ಆರುವಾಗ ಮೊದಲಿಗಿಂತಲೂ ಕುಗ್ಗಿ ಅಕ್ಕಪಕ್ಕದ ತಗಡನ್ನು ತನ್ನತ್ತ ಎಳೆಯುತ್ತದೆ. ತೆಳು ತಗಡು ಆ ಸೆಳೆತವನ್ನು ತಾಳಲಾರದೆ ಉಬ್ಬುತ್ತದೆ, ಇಲ್ಲವೇ ತಗ್ಗುತ್ತದೆ.

ತಡೆಯುವ ಬಗೆ

* ಜೋಡಣೆಯ ಗೆರೆಯನ್ನು ಬಾಗಿಲಿನ ಅಥವಾ ಬಾನೆಟ್ಟಿನ ಸಮತಟ್ಟಾದ ನಡುಭಾಗದಲ್ಲಿ ಇಡದೆ, ಸಾಧ್ಯವಾದಷ್ಟೂ ಮಡಿಕೆ ಅಥವಾ ಅಂಚಿನ ಬಳಿ ಇಡಬೇಕು. ಅಲ್ಲಿ ತಗಡಿಗೆ ಬಿಗುವು ಹೆಚ್ಚು.

* ಬಣ್ಣ, ತುಕ್ಕು ಉಜ್ಜಿ ತೆಗೆದು, ತುಂಡನ್ನು ನಿಖರವಾಗಿ ಕೂರಿಸಬೇಕು. ಸಂದು ದೊಡ್ಡದಾದಷ್ಟೂ ತುಂಬುವ ಲೋಹ ಹೆಚ್ಚು, ಶಾಖವೂ ಹೆಚ್ಚು.

* ಗ್ಯಾಸ್ ವೆಲ್ಡಿಂಗ್‌ನ ಜ್ವಾಲೆ ಶಾಖವನ್ನು ಅಗಲವಾಗಿ ಹರಡುತ್ತದೆ. 0.6 ಮಿ.ಮೀ. ತಂತಿ ಬಳಸುವ ಮಿಗ್ ವೆಲ್ಡಿಂಗ್ ತೆಳು ತಗಡಿಗೆ ಹೆಚ್ಚು ಸೂಕ್ತ.

* ಉದ್ದಕ್ಕೂ ಒಂದೇ ಸಮನೆ ಬೆಸುಗೆ ಎಳೆಯಲೇಬಾರದು. ಮೊದಲು ಒಂದು ತುದಿಯಲ್ಲಿ ಚುಕ್ಕಿ ಬೆಸುಗೆ, ನಂತರ ಇನ್ನೊಂದು ತುದಿಯಲ್ಲಿ, ಆಮೇಲೆ ನಡುವೆ. ಹೀಗೆ ಸುಮಾರು 25 ಮಿ.ಮೀ. ಅಂತರಕ್ಕೆ ಬಂದ ಬಳಿಕ ಉಳಿದ ಎಡೆಗಳನ್ನು ತುಂಬಬೇಕು. ಹಿಂದಿನ ಚುಕ್ಕಿ ಕೈಯಲ್ಲಿ ಮುಟ್ಟುವಷ್ಟು ಆರದೆ ಅದರ ಪಕ್ಕದಲ್ಲಿ ಮತ್ತೊಂದನ್ನು ಇಡಬಾರದು.

* ಹಿಂಬದಿಗೆ ತಾಮ್ರದ ಪಟ್ಟಿಯನ್ನು ಒತ್ತಿ ಹಿಡಿದರೆ ಅದು ಶಾಖವನ್ನು ಹೀರಿಕೊಳ್ಳುತ್ತದೆ. ಕರಗಿದ ಉಕ್ಕು ಅದಕ್ಕೆ ಸುಲಭವಾಗಿ ಅಂಟುವುದಿಲ್ಲ.

* ಗ್ರೈಂಡರ್ ಕೂಡ ತಗಡನ್ನು ಕಾಯಿಸುತ್ತದೆ. ಆದ್ದರಿಂದ ತಡೆತಡೆದು ಉಜ್ಜಬೇಕು. ಕುಗ್ಗಿದ ಬೆಸುಗೆಯ ಗೆರೆಯನ್ನು ಹಿಂದಿನಿಂದ ಡಾಲಿ ಆನಿಸಿ ಸುತ್ತಿಗೆಯಿಂದ ಹಗುರವಾಗಿ ಬಡಿದರೆ ಅದು ಮತ್ತೆ ಹಿಗ್ಗಿ ಮೈ ಸಮನಾಗುತ್ತದೆ.

ಎಚ್ಚರಿಕೆ ಅಗತ್ಯ

ಈ ವಿಧಾನ ಸಾಮಾನ್ಯ ಉಕ್ಕಿನ ಹೊರ ತಗಡುಗಳಿಗೆ ಮಾತ್ರ. ಇಂದಿನ ಅನೇಕ ಕಾರುಗಳಲ್ಲಿ ಬಾಗಿಲುಗಳ ನಡುವಣ ಕಂಬದಂತಹ ಭಾಗಗಳು ಅತಿಬಲದ ಉಕ್ಕಿನವು. ಶಾಖ ತಗುಲಿದರೆ ಅವು ಬಲ ಕಳೆದುಕೊಳ್ಳುತ್ತವೆ. ಅಪಘಾತದಲ್ಲಿ ಪ್ರಯಾಣಿಕರನ್ನು ಕಾಯುವುದು ಆ ಬಲವೇ. ಅಂಥಲ್ಲಿ ತಯಾರಕರ ದುರಸ್ತಿ ಕೈಪಿಡಿ ಹೇಳಿದ ಕ್ರಮವನ್ನೇ ಅನುಸರಿಸಬೇಕು. ಬೆಸುಗೆಗೆ ಮುನ್ನ ಬ್ಯಾಟರಿಯ ಸಂಪರ್ಕ ತಪ್ಪಿಸಿ, ಸೀಟು ಮೊದಲಾದ ಉರಿಯುವ ವಸ್ತುಗಳನ್ನು ದೂರವಿಡಬೇಕು. ಇಂಧನದ ಟ್ಯಾಂಕ್, ಕೊಳವೆಗಳ ಸಮೀಪ ವಿಶೇಷ ಜಾಗ್ರತೆ ಬೇಕು. ಸತುವಿನ ಲೇಪವುಳ್ಳ ತಗಡಿನಿಂದೇಳುವ ಹೊಗೆ ಹಾನಿಕರವಾದುದರಿಂದ ಗಾಳಿಯಾಡುವ ಜಾಗದಲ್ಲಿಯೇ ಕೆಲಸ ನಡೆಯಬೇಕು.

ಮಾಲೀಕರು ಗಮನಿಸಬೇಕಾದದ್ದು

ಬಣ್ಣ ಹಚ್ಚುವ ಮುನ್ನವೇ ಒಮ್ಮೆ ಹೋಗಿ ನೋಡುವುದು ಒಳ್ಳೆಯದು. ಅಂಗೈಯಿಂದ ಸವರಿದರೆ ಏರುತಗ್ಗು ತಿಳಿಯುತ್ತದೆ. ಬಣ್ಣದ ನಂತರವಾದರೆ ಟ್ಯೂಬ್‌ಲೈಟಿನ ಪ್ರತಿಬಿಂಬವನ್ನು ಓರೆಯಿಂದ ನೋಡಬೇಕು. ಪ್ರತಿಬಿಂಬ ಡೊಂಕಾದರೆ ತಗಡೂ ಡೊಂಕೆಂದೇ ಅರ್ಥ. ಬಟ್ಟೆ ಸುತ್ತಿದ ಅಯಸ್ಕಾಂತ ಉಕ್ಕಿನ ಮೈಗೆ ಸರಿಯಾಗಿ ಹಿಡಿಯದಿದ್ದರೆ ಒಳಗೆ ಪುಟ್ಟಿ ದಪ್ಪವಾಗಿದೆ ಎಂದು ತಿಳಿಯಬಹುದು. ದಪ್ಪ ಪುಟ್ಟಿ ಕಾಲಕ್ರಮೇಣ ಬಿರುಕು ಬಿಡುತ್ತದೆ. ಬೆಸುಗೆಯ ಹಿಂಬದಿಗೆ ತುಕ್ಕುನಿರೋಧಕ ಹಚ್ಚಿಸಲು ಮರೆಯಬಾರದು. ಇಲ್ಲವಾದರೆ ತುಕ್ಕು ಮತ್ತೆ ಅಲ್ಲಿಂದಲೇ ಆರಂಭವಾಗುತ್ತದೆ.